ಅಣಬೆ ಬಳೆಯ ಜಾಡಿನಲ್ಲಿ ನಾಲ್ಕು ದಿನ

"ಹಸುವೂ ಕುಣಿಯುತ್ತದೆಯೇ ಚಿಕ್ಕಮ್ಮ?"

ಅಕ್ಕನ ಮಗಳು ಪುಟ್ಟಿ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳಿಗಾಗಿ ನಾನೊಂದು ಮಾಯಾಲೋಕದ ಕಥೆ ಬರೆಯುತ್ತಿದ್ದೇನೆ. ಅಲ್ಲಿ ಮನುಷ್ಯರಿದ್ದಾರೆ, ಗಂಧರ್ವರಿದ್ದಾರೆ, ನಾಗರಿದ್ದಾರೆ, ಬೇತಾಳಗಳಿವೆ, ಮಾತು ಬಲ್ಲ ಗೆದ್ದಲುಗಳೂ ಇವೆ. ಕಾಡಿನ ನಡುವಿನ ಹುಲ್ಲುಗಾವಲಿನಲ್ಲಿ ಅಣಬೆಗಳು ದುಂಡಗೆ ಎದ್ದು ನಿಲ್ಲುವ ಒಂದು ಜಾಗವಿದೆ. ಅದರೊಳಗೆ ಕಾಲಿಟ್ಟವರು ಹೊತ್ತು ಹೋಗುವುದೂ ತಿಳಿಯದೆ ದಣಿದು ಬೀಳುವವರೆಗೂ ಕುಣಿಯುತ್ತಾರೆ ಎಂದು ಬರೆದಿದ್ದೆ. ಇದು ಯುರೋಪಿನ ಹಳ್ಳಿಗಳ ಹಳೆಯ ನಂಬಿಕೆ. ಇಂಗ್ಲೆಂಡಿನವರಿಗೆ ಅದು ಯಕ್ಷಿಣಿಯರು ರಾತ್ರಿ ಕುಣಿದ ಗುರುತು, ಜರ್ಮನಿಯವರಿಗೆ ಮಾಟಗಾತಿಯರ ಉಂಗುರ. ಅದನ್ನು ಹಾಗೆಯೇ ಕಿತ್ತು ತಂದು ಮಲೆನಾಡಿನಂಥ ಕಾಡಿನಲ್ಲಿ ನೆಟ್ಟಿದ್ದೆ. ಬೇರು ಹಿಡಿದಿರಲಿಲ್ಲ. ಹಸು, ಹಾವು, ದೆವ್ವ, ದೇವತೆ ಎಲ್ಲರಿಗೂ ಒಂದೇ ಮಾಯೆ ಎನ್ನುವುದು ಎಂಟು ವರ್ಷದ ಹುಡುಗಿಗೂ ಒಪ್ಪಿಗೆಯಾಗಲಿಲ್ಲ.

ಅದೇ ವಾರ ಮೂಡಿಗೆರೆ ಕಡೆಯ ತೋಟದಿಂದ ದೊಡ್ಡಮ್ಮ ಫೋನ್ ಮಾಡಿದರು. "ಮಳೆ ಬಿದ್ದಿದೆ. ಅಂಗಳದಾಚೆ ನಿನ್ನ ಅಣಬೆ ಏಳುವ ಹೊತ್ತು. ಬರುವುದಾದರೆ ಈಗಲೇ ಬಾ." ಪುಟ್ಟಿಯ ಶಾಲೆ ಶುರುವಾಗಲು ಒಂದು ವಾರವೂ ಉಳಿದಿರಲಿಲ್ಲ. ಮಾರನೆಯ ದಿನವೇ ಹೊರಟೆವು.

ಮೊದಲನೆಯ ದಿನ: ದೊಡ್ಡಗದ್ದವಳ್ಳಿ

ಬೆಂಗಳೂರಿನಿಂದ ಹಾಸನದವರೆಗೆ ಹೇಳುವಂಥದ್ದು ಏನೂ ನಡೆಯಲಿಲ್ಲ. ಹಾಸನದಲ್ಲಿ ಬೇಲೂರಿನ ಬಸ್ ಹಿಡಿದು, ನಡುವೆ ಮುಖ್ಯರಸ್ತೆಯಲ್ಲಿ ಇಳಿದು, ಆಟೋದಲ್ಲಿ ದೊಡ್ಡಗದ್ದವಳ್ಳಿಗೆ ಹೋದೆವು. ಕೆರೆಯ ಪಕ್ಕದಲ್ಲಿ, ತೆಂಗಿನ ಮರಗಳ ನಡುವೆ ಲಕ್ಷ್ಮೀದೇವಿಯ ಗುಡಿ. ಹೊಯ್ಸಳರ ಆರಂಭಕಾಲದ್ದು, 1113ರ ಸುಮಾರಿನದು. ಒಬ್ಬ ವರ್ತಕ ದಂಪತಿ ಕಟ್ಟಿಸಿದ್ದು. ಒಂದೇ ಕಟ್ಟಡಕ್ಕೆ ನಾಲ್ಕು ಗರ್ಭಗುಡಿಗಳು. ಬೇಲೂರಿಗೆ ಧಾವಿಸುವವರು ಇದನ್ನು ಬಿಟ್ಟು ಮುಂದೆ ಹೋಗುವುದನ್ನು ಕಂಡು ನನಗೆ ಪ್ರತಿಸಲವೂ ನೋವಾಗುತ್ತದೆ.

ನಾನು ಪುಟ್ಟಿಯನ್ನು ಕರೆದೊಯ್ದದ್ದು ಕಾಳಿಯ ಗುಡಿಯ ಬಾಗಿಲಿಗೆ. ಅಲ್ಲಿ ಎರಡು ಬೇತಾಳಗಳು ಕಾವಲು ನಿಂತಿವೆ. ಆಳೆತ್ತರ, ಮೈಯಲ್ಲಿ ಮಾಂಸವಿಲ್ಲ, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಂಡಂತೆ ಮೊದಲು ಹಲ್ಲು, ಆಮೇಲೆ ಗುಳಿಬಿದ್ದ ಹೊಟ್ಟೆ ಕಾಣುತ್ತವೆ. ಪುಟ್ಟಿ ನನ್ನ ಸೆರಗು ಹಿಡಿದುಕೊಂಡಳು. ಆದರೆ ಹಿಂದೆ ಸರಿಯಲಿಲ್ಲ.

"ಇವರ ಕಾಲು ಹಿಂದುಮುಂದಾಗಿದೆಯೇ?"

ದೆವ್ವಗಳ ಪಾದ ಹಿಂದಕ್ಕೆ ತಿರುಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಮಾತನ್ನು ನಾನೇ ಅವಳಿಗೆ ದಾಟಿಸಿದ್ದೆ. ಬಾಗಿಲ ಬುಡದ ಕತ್ತಲಲ್ಲಿ ಪಾದಗಳು ನಮಗೆ ಸರಿಯಾಗಿ ಕಾಣಲಿಲ್ಲ. ಮೊಬೈಲಿನ ಬೆಳಕು ಹಾಕೋಣವೆಂದರೆ ಅವಳೇ ಬೇಡವೆಂದಳು. ಕಾವಲಿನವರ ಮುಖಕ್ಕೆ ಬೆಳಕು ಬಿಡಬಾರದಂತೆ. ನಾನೂ ಮೊಬೈಲನ್ನು ಚೀಲಕ್ಕೆ ಹಾಕಿದೆ.

ಕೆರೆಯ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಅವಳು ಮತ್ತೆ ಕೇಳಿದಳು. "ಕಾಲು ಹಿಂದುಮುಂದಾಗಿದ್ದರೆ, ಬೇತಾಳ ಒಳಗೆ ಬಂದಾಗ ಹೆಜ್ಜೆಗುರುತು ಹೊರಗೆ ಹೋದ ಹಾಗೆ ಕಾಣುತ್ತದೆ ಅಲ್ಲವೇ?"

ಹೌದೆಂದೆ. ಅದು ಎಷ್ಟು ದೊಡ್ಡ ಮಾತೆಂದು ನನಗೆ ಆಗ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ, ಅಷ್ಟೆ.

ಎರಡನೆಯ ದಿನ: ಬೇಲೂರು, ಅಲ್ಲಿಂದ ತೋಟಕ್ಕೆ

ಬೆಳಗ್ಗೆ ಚೆನ್ನಕೇಶವನ ಗುಡಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಈ ಗುಡಿಯ ಮದನಿಕೆಯರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ, ನಾನು ಬರೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ನವರಂಗದ ನಡುವೆ ನೆಲದಿಂದ ತುಸು ಮೇಲೆದ್ದಿರುವ ಆ ದುಂಡನೆಯ ಕಲ್ಲಿನ ಜಗಲಿ. ರಾಣಿ ಶಾಂತಲೆ ಕುಣಿದದ್ದು ಇಲ್ಲೇ ಎಂದು ಗೈಡ್‌ಗಳು ಹೇಳುತ್ತಾರೆ. ಅಂಚಿನಲ್ಲಿ ಕೈ ಇಟ್ಟರೆ ತಣ್ಣಗೆ, ನುಣ್ಣಗೆ, ಅಕ್ಕಿ ತೊಳೆದ ನೀರಿನಲ್ಲಿ ಬೆರಳಾಡಿಸಿದಂತೆ ಇರುತ್ತದೆ.

ಕುಣಿತಕ್ಕೆಂದೇ ಮಾಡಿದ ವೃತ್ತ ನಮ್ಮಲ್ಲೂ ಇದೆ. ಆದರೆ ಇಲ್ಲಿ ವೃತ್ತ ಯಾರನ್ನೂ ಕುಣಿಸುವುದಿಲ್ಲ, ಕುಣಿಯಬಲ್ಲವರೇ ಅದರ ಮೇಲೆ ಹತ್ತುತ್ತಾರೆ. ಇದನ್ನು ಯೋಚಿಸುತ್ತ ನಿಂತಾಗ ಗಂಧರ್ವನ ಸಮಸ್ಯೆ ಬಗೆಹರಿಯಿತು.

ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪ ತೊಟ್ಟು ಕುಳಿತಿರುತ್ತಾರೆ. ಅವಳು ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ದೇವತೆಗಳು ಬೆವರುವುದಿಲ್ಲ, ರೆಪ್ಪೆ ಮಿಟುಕಿಸುವುದಿಲ್ಲ, ಅವರಿಗೆ ನೆರಳಿಲ್ಲ, ಅವರ ಪಾದ ನೆಲ ಮುಟ್ಟುವುದಿಲ್ಲ. ಗಂಧರ್ವನ ಪಾದವೂ ನೆಲ ಮುಟ್ಟದಿದ್ದರೆ ಅಣಬೆಯ ವೃತ್ತಕ್ಕೆ ಅವನು ಬಂದದ್ದೇ ತಿಳಿಯುವುದಿಲ್ಲ. ಅವನು ವರ್ಷಗಟ್ಟಲೆ ಒಳಗೇ ಇರಬಹುದು, ಏನೂ ಆಗದು. ಆದರೆ ಕುಣಿಯಬೇಕೆಂಬ ಆಸೆ ಬಂದರೆ? ನೆಲವನ್ನು ಒದೆಯದೆ ಕುಣಿತವಿಲ್ಲ. ಗೆಜ್ಜೆ ದನಿ ಮಾಡಬೇಕಾದರೆ ಹಿಮ್ಮಡಿ ಮಣ್ಣಿಗೆ ತಾಗಲೇಬೇಕು. ತಾಗಿದ ಕ್ಷಣದಲ್ಲಿ ಅವನ ಹಣೆಯ ಮೇಲೆ ಮೊದಲ ಬೆವರ ಹನಿ, ಕಾಲಬುಡದಲ್ಲಿ ಮೊದಲ ನೆರಳು. ನನ್ನ ಲೋಕದಲ್ಲಿ ಗಂಧರ್ವರು ಮನುಷ್ಯರಾಗುವುದು ಹೀಗೆ, ತಾವಾಗಿಯೇ, ಒಂದು ಕುಣಿತಕ್ಕಾಗಿ.

ಪುಟ್ಟಿಗೆ ಇದು ಒಪ್ಪಿಗೆಯಾಯಿತು. "ಪಾಪ" ಎಂದಳು. ಸ್ವಲ್ಪ ಹೊತ್ತಿನ ಮೇಲೆ "ಆದರೂ ಒಳ್ಳೆಯದೇ" ಎಂದಳು.

ಮಧ್ಯಾಹ್ನದ ಬಸ್ಸಿನಲ್ಲಿ ಮೂಡಿಗೆರೆ. ಅಲ್ಲಿಂದ ದೊಡ್ಡಮ್ಮನ ತೋಟ ಸೇರುವಷ್ಟರಲ್ಲಿ ಆಕಾಶ ಕಪ್ಪಾಗಿತ್ತು. ರೋಹಿಣಿ ಮಳೆ. ಸಂಜೆ ಗುಡುಗಿದ ರೀತಿಗೆ ಅಡುಗೆಮನೆಯ ಪಾತ್ರೆಗಳು ಅದುರಿದವು. "ಒಳ್ಳೆಯದಾಯಿತು. ಗುಡುಗಿಗೇ ಅಣಬೆ ಏಳುವುದು" ಎಂದರು ದೊಡ್ಡಮ್ಮ. ಮಲೆನಾಡಿನ ಯಾವ ಮನೆಯಲ್ಲಿ ಕೇಳಿದರೂ ಇದೇ ಮಾತು. ಹುಲ್ಲಿನ ಮೇಲಿನ ವೃತ್ತಗಳು ಸಿಡಿಲು ಬಡಿದು ಆದವು ಎಂದು ಇಂಗ್ಲೆಂಡಿನಲ್ಲಿಯೂ ನಂಬಿದ್ದರು. ಚಾರ್ಲ್ಸ್ ಡಾರ್ವಿನ್ನನ ತಾತ ಎರಾಸ್ಮಸ್ ಡಾರ್ವಿನ್ ಅವರಲ್ಲೊಬ್ಬ. 1790ರ ದಶಕದಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯ, ಇದಕ್ಕೆಲ್ಲ ಮಣ್ಣಿನೊಳಗೆ ಹರಡಿರುವ ಶಿಲೀಂಧ್ರವೇ ಕಾರಣ ಎಂದು ತೋರಿಸಿಕೊಟ್ಟ.

ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ ಮತ್ತು ಹುತ್ತದ ಅಣಬೆಯ ಸಾರು. ಈ ಅಣಬೆಯ ಹಿಂದಿರುವ ಒಕ್ಕಲುತನ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಗೆದ್ದಲುಗಳು ಒಣಗಿದ ಎಲೆ, ಕಡ್ಡಿಗಳನ್ನು ಹುತ್ತದೊಳಗೆ ಸಾಗಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಗೆದ್ದಲುಗಳಿಂದ ಅರಗಿಸಿಕೊಳ್ಳಲಾಗದ ನಾರನ್ನು ಶಿಲೀಂಧ್ರ ಅರಗಿಸಿ ಕೊಡುತ್ತದೆ, ಗೆದ್ದಲುಗಳು ಅದನ್ನು ತಿನ್ನುತ್ತವೆ. ಮಳೆ ಬಿದ್ದಾಗ ಆ ನೆಲದಡಿಯ ಗದ್ದೆಯಿಂದ ಮೇಲೆದ್ದು ಬರುವುದೇ ನಮ್ಮ ತಟ್ಟೆಗೆ ಬರುವ ಅಣಬೆ. ಹಾಗಾಗಿ ನನ್ನ ಲೋಕದ ಗೆದ್ದಲುಗಳಿಗೆ ಅಣಬೆಯ ವೃತ್ತ ಮಾಯೆಯೇ ಅಲ್ಲ, ಬೆಳೆ. ಬೇಸಾಯಗಾರರಿಗೆ ತಮ್ಮ ಹೊಲದಲ್ಲಿ ದಿಕ್ಕು ತಪ್ಪುತ್ತದೆಯೇ? ಅವು ಬೆಳಗ್ಗೆ ಬಂದು ಕೆಲಸ ಮಾಡಿ ಸಂಜೆ ಮನೆಗೆ ಹೋಗುತ್ತವೆ.

ಮೂರನೆಯ ದಿನ: ಬಳೆ

ಆರು ಗಂಟೆಗೆ ದೊಡ್ಡಮ್ಮ ಎಬ್ಬಿಸಿದರು. ಕಾಫಿ ಒಣಗಿಸುವ ಕಣದ ಆಚೆ, ತೋಟಕ್ಕೂ ಬ್ಯಾಣವೆಂಬ ಹುಲ್ಲುಗಾವಲಿಗೂ ನಡುವೆ, ದನ ಮೇಯುವ ಹುಲ್ಲಿನ ತುಂಡೊಂದಿದೆ. ಅಲ್ಲಿ ಎದ್ದಿತ್ತು.

ಬೆಳ್ಳಗಿನ, ಅಂಗೈ ಅಗಲದ ಕೊಡೆಗಳು. ಕೆಲವು ಇನ್ನೂ ಮೊಟ್ಟೆಯಂತೆ ಮುಚ್ಚಿಕೊಂಡಿದ್ದವು, ಕೆಲವು ಪೂರ್ತಿ ಬಿಚ್ಚಿಕೊಂಡು ನೆತ್ತಿಯಲ್ಲಿ ಕಂದು ಚಕ್ಕೆ ಹೊತ್ತಿದ್ದವು. ಪುಟ್ಟಿ ಎಣಿಸಿದಳು, ನಲವತ್ತಮೂರು. ಒಂದು ಕಡೆ ಎರಡು ಮಾರಿನಷ್ಟು ಬಿಟ್ಟುಹೋಗಿದ್ದರೂ ದುಂಡು ಕಣ್ಣಿಗೆ ಸ್ಪಷ್ಟವಾಗಿತ್ತು. ಅಣಬೆಗಳ ಸಾಲಿನುದ್ದಕ್ಕೂ ಹುಲ್ಲು ಕಡುಹಸಿರು, ಗೊಬ್ಬರ ಚೆಲ್ಲಿದಂತೆ. ಒಳಮಗ್ಗುಲಲ್ಲಿ ಒಂದು ಗೇಣು ಅಗಲಕ್ಕೆ ಹುಲ್ಲು ಬಡಕಲಾಗಿತ್ತು. ಅದರೊಳಗೆ ಮತ್ತೆ ಸಾಮಾನ್ಯ ಹುಲ್ಲು.

"ಬಳೆ!" ಎಂದಳು ಪುಟ್ಟಿ. ಇಂಗ್ಲಿಷಿನವರು ಉಂಗುರ ಎಂದದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಗುತ್ತಿರಲಿಲ್ಲ. ಅಣಬೆ ಬಳೆ.

ದೊಡ್ಡಮ್ಮ ಹೇಳಿದರು, "ಮೊದಲು ನಮ್ಮ ತುಳಸಿಕಟ್ಟೆಯಷ್ಟಿತ್ತು. ವರ್ಷ ವರ್ಷ ಸರಿದು ಸರಿದು ಇಷ್ಟಾಗಿದೆ."

ಸರಿಯುವುದು ನಿಜ. ಶಿಲೀಂಧ್ರ ಒಂದು ಬಿಂದುವಿನಲ್ಲಿ ಹುಟ್ಟಿ ಎಲ್ಲ ದಿಕ್ಕಿಗೂ ಎಳೆ ಚಾಚುತ್ತದೆ. ಒಳಗಿನ ಮಣ್ಣಿನಲ್ಲಿ ತಿನ್ನುವುದು ಮುಗಿದಂತೆ ಹೊರಗೆ ಹೊರಗೆ ಹೋಗುತ್ತದೆ. ಕೊಳೆತದ್ದನ್ನು ಒಡೆಯುವಾಗ ಸಾರಜನಕ ಬಿಡುಗಡೆಯಾಗಿ ಅಂಚಿನ ಹುಲ್ಲು ಸೊಕ್ಕುತ್ತದೆ. ಎಳೆಗಳು ದಟ್ಟವಾದ ಕಡೆ ಮಣ್ಣಿಗೆ ನೀರಿಳಿಯದೆ ಹುಲ್ಲು ಸೊರಗುತ್ತದೆ. ಫ್ರಾನ್ಸಿನ ಬೆಲ್ಫೋರ್ ಬಳಿ ಸುಮಾರು 600 ಮೀಟರ್ ಅಡ್ಡಳತೆಯ ಬಳೆಯೊಂದಿದ್ದು, ಅದರ ವಯಸ್ಸು 700 ವರ್ಷ ಎಂದು ಅಂದಾಜು. ಕೈ ದಪ್ಪವಾದಂತೆ ತಾನೂ ಅಗಲವಾಗುವ ಬಳೆ! ನಾವು ನೋಡುವ ಅಣಬೆಗಳು ಅದರ ಮೇಲಿನ ಕುಸುರಿ ಮಾತ್ರ. ನಿಜವಾದ ಜೀವ ಮಣ್ಣಿನಡಿಯಲ್ಲಿದೆ, ಒಂದೇ ಜೀವ, ಮೇಲೆ ನಡೆದವರ ತೂಕವನ್ನೆಲ್ಲ ಹೊತ್ತುಕೊಂಡು.

ಮೊಣಕಾಲೂರಿ ಕುಳಿತು ಬಡಕಲು ಹುಲ್ಲಿನ ಮೇಲೆ ಅಂಗೈ ಒತ್ತಿದಾಗ ನನಗೆ ಹೊಳೆಯಿತು. ಬಳೆಗೆ ಕಣ್ಣಿಲ್ಲ, ಕಿವಿಯಿಲ್ಲ. ಅದಕ್ಕೆ ತಿಳಿಯುವುದು ಹೆಜ್ಜೆ ಒಂದೇ. ಗಂಧರ್ವನನ್ನು ನೆನ್ನೆ ಬಿಡಿಸಿಕೊಂಡದ್ದೂ ಇದೇ ದಾರದಿಂದ. ಬಳೆ ಹೆಜ್ಜೆಯನ್ನು ಓದುತ್ತದೆ. ಯಾರ ಹೆಜ್ಜೆ ಹೇಗೋ ಅವರಿಗೆ ಹಾಗೆ. ಒಂದೇ ಮಾಯೆ ಎಲ್ಲರನ್ನೂ ಕುಣಿಸಬೇಕಾಗಿಲ್ಲ.

ಒಂದು ಕೊಡೆ ಕಿತ್ತು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಲೋಟ ಮುಚ್ಚಿಟ್ಟೆ. ಸಂಜೆ ತೆಗೆದಾಗ ಕಾಗದದ ಮೇಲೆ ಮಾಸಲು ಹಸಿರು ಪುಡಿ, ಕೊಡೆಯ ಅಡಿಯ ಪದರಗಳ ಅಚ್ಚು ಸೈಕಲ್ಲಿನ ಕಡ್ಡಿಗಳಂತೆ ಮೂಡಿತ್ತು. ಹಸಿರು ಬೀಜಕಣ ಎಂದರೆ ವಿಷದ ಜಾತಿ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ನೋಡುವುದಕ್ಕೆ ಅಡುಗೆಯ ಅಣಬೆಯಂತೆಯೇ ಇರುವುದರಿಂದ ಮೋಸಹೋಗುವವರು ಎಲ್ಲ ಕಡೆಯೂ ಇದ್ದಾರೆ. ಹುಲ್ಲಿನ ಮೇಲೆ ಎದ್ದ ಬಿಳಿ ಅಣಬೆಯನ್ನು ಗುರುತು ಬಲ್ಲವರನ್ನು ಕೇಳದೆ ಬಾಯಿಗಿಡಬೇಡಿ.

ಹತ್ತು ಗಂಟೆಗೆ ಕೊಟ್ಟಿಗೆಯಿಂದ ದನ ಬಿಟ್ಟರು. ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಕೆಂದು ಹಸು ನೇರವಾಗಿ ಬಳೆಯ ಕಡೆಗೆ ಬಂತು, ಅಂಚಿನ ಕಡುಹಸಿರನ್ನು ನಾಲಗೆಯಿಂದ ಸುತ್ತಿ ಕಿತ್ತು ತಿಂದಿತು. ಅಣಬೆ ಬಂದಲ್ಲಿ ಮೂಗು ಊದಿ ಪಕ್ಕಕ್ಕೆ ಸರಿಯಿತು. ಮುಂಗಾಲು ಒಳಗೆ, ಹಿಂಗಾಲು ಹೊರಗೆ, ಬಾಲ ಬೀಸುತ್ತ ಬಹಳ ಹೊತ್ತು ಹಾಗೆಯೇ ನಿಂತಿತ್ತು.

"ಕುಣಿಯುವುದಿಲ್ಲ" ಎಂದಳು ಪುಟ್ಟಿ, ತೀರ್ಪು ಕೊಟ್ಟವಳಂತೆ. ಅನಂತರ ಮಣ್ಣಿನಲ್ಲಿದ್ದ ಗೊರಸಿನ ಗುರುತನ್ನು ಬೆರಳಿನಿಂದ ತೋರಿಸಿದಳು. "ನೋಡಿ, ಒಂದು ಕಾಲಿಗೆ ಎರಡು ಹೆಜ್ಜೆ." ಸೀಳುಗೊರಸು. ಬಳೆ ಅದನ್ನು ಓದಿ ಒಬ್ಬರೋ ಇಬ್ಬರೋ ತಿಳಿಯದೆ ಬಿಟ್ಟುಬಿಡುತ್ತದೆ. ಆದರೆ ಹಾಲಿನ ಗತಿಯೇನು? ವೇಲ್ಸಿನಲ್ಲಿ ಇಂಥ ಹುಲ್ಲು ಮೇಯ್ದ ಕುರಿ ಹುಲುಸಾಗುತ್ತದೆ ಎನ್ನುತ್ತಿದ್ದರು. ಹಾಲೆಂಡಿನಲ್ಲಿ ಅದು ಸೈತಾನ ತನ್ನ ಹಾಲಿನ ಪಾತ್ರೆ ಇಟ್ಟ ಗುರುತು, ಮೇಯ್ದ ಹಸುವಿನ ಹಾಲು ಕೆಡುತ್ತದೆ ಎಂದು ಭಯ. ನಾವು ದೊಡ್ಡಮ್ಮನನ್ನು ಕೇಳಿದೆವು. ಅವರು ಮಜ್ಜಿಗೆ ಕಡೆಯುತ್ತಿದ್ದವರು ಕೈ ನಿಲ್ಲಿಸಿ ಯೋಚಿಸಿದರು. "ಅಲ್ಲಿ ಹೊತ್ತು ಹೋಗುವುದು ತಿಳಿಯುವುದಿಲ್ಲ ಎಂದಿರಲ್ಲವೇ? ಹಾಗಾದರೆ ಆ ಹಾಲು ಹೆಪ್ಪಾಗಬಾರದು. ಹೆಪ್ಪಿಗೆ ಒಂದು ರಾತ್ರಿ ಬೇಕು."

ಇದು ನನ್ನ ಕಥೆಯ ಅತ್ಯುತ್ತಮ ಸಾಲಾಗಲಿದೆ, ಮತ್ತು ಅದು ದೊಡ್ಡಮ್ಮನದು.

ಮಧ್ಯಾಹ್ನ ಪುಟ್ಟಿ ಬಳೆಯೊಳಗೆ ಹೋಗುತ್ತೇನೆಂದಾಗ ಅವರೇ ಒಳಗಿನಿಂದ ಒಂದು ಲಾಳದ ತುಂಡು ತಂದು ಅವಳ ಕೈಯಲ್ಲಿಟ್ಟರು. ಬಾಣಂತಿಯ ಹಾಸಿಗೆಯಡಿ ಕಬ್ಬಿಣ ಇಡುವ ಮನೆ ಅದು. ಯಕ್ಷಿಣಿಯರ ವೃತ್ತಕ್ಕೆ ಕಬ್ಬಿಣವೇ ಕಾಪು ಎಂದು ಯುರೋಪಿನ ಅಜ್ಜಿಯರೂ ಹೇಳುತ್ತಿದ್ದರೆಂದು ನಾನು ಹೇಳಿದಾಗ, "ಮತ್ತೆ? ಅವರೂ ಮಕ್ಕಳನ್ನು ಸಾಕಿದವರಲ್ಲವೇ" ಎಂದರು.

ನಾಗರ ವಿಷಯ ಅಂದೇ ರಾತ್ರಿ ತೀರ್ಮಾನವಾಯಿತು. ಎರಡು ಬಳೆಗಳು ಬೆಳೆಯುತ್ತ ಎದುರಾದರೆ ಒಂದನ್ನೊಂದು ದಾಟುವುದಿಲ್ಲ. ಕೂಡಿದ ಕಡೆ ಎರಡೂ ನಿಂತುಹೋಗುತ್ತವೆ. ನಾಗನಿಗೆ ಪಾದವಿಲ್ಲ, ಅವನು ಬಿಡುವುದು ಗೆರೆ. ಬಳೆ ಆ ಗೆರೆಯನ್ನು ಇನ್ನೊಂದು ಬಳೆಯೆಂದು ಓದಿ ಅಲ್ಲಿ ಸಾಯುತ್ತದೆ. ಬೆಳಗ್ಗೆ ಕಂಡ ಆ ಎರಡು ಮಾರಿನ ಬಿಡುವು ಯಾರು ಹಾದುಹೋದದ್ದು ಎಂದು ಪುಟ್ಟಿ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾಲ್ಕನೆಯ ದಿನ: ಮುಳ್ಳಯ್ಯನಗಿರಿ

ಉಳಿದದ್ದು ಮನುಷ್ಯ. ಚಿಕ್ಕಮಗಳೂರಿಗೆ ಬಂದು ಜೀಪಿನಲ್ಲಿ ಗಿರಿಗೆ ಹೊರಟೆವು. 1,930 ಮೀಟರ್ ಎತ್ತರದ ಈ ಶಿಖರ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ್ದು. ಕಣಿವೆಯ ಮಡಿಲುಗಳಲ್ಲಿ ಶೋಲಾ ಕಾಡು, ಮೈಮೇಲೆಲ್ಲ ಹುಲ್ಲು. ಜೀಪು ನಿಂತ ಕಡೆಯಿಂದ ಹುಲ್ಲಿನ ಏಣಿನ ಮೇಲೆ ಸ್ವಲ್ಪ ದೂರ ನಡೆದಿದ್ದೆವು, ಮಂಜು ಬಂತು. ಬಂತು ಎನ್ನುವುದಕ್ಕಿಂತ ನಾವೇ ಹಾಲಿನ ಪಾತ್ರೆಯೊಳಗೆ ಇಳಿದಂತಾಯಿತು. ನೇರವಾಗಿ ನಡೆಯುತ್ತಿದ್ದೇನೆಂದೇ ತಿಳಿದಿದ್ದೆ. ಹತ್ತು ನಿಮಿಷದ ಬಳಿಕ ಪುಟ್ಟಿ ಕೆಸರಿನಲ್ಲಿ ಬೆರಳು ತೋರಿಸಿದಳು. ನನ್ನದೇ ಚಪ್ಪಲಿಯ ಗುರುತು.

ಮನುಷ್ಯ ಹೀಗೆಯೇ. 2009ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನ ಸಂಶೋಧಕರು ಜನರನ್ನು ಕಾಡಿನಲ್ಲಿಯೂ ಸಹರಾ ಮರುಭೂಮಿಯಲ್ಲಿಯೂ ನಡೆಸಿ ನೋಡಿದರು. ಸೂರ್ಯನೋ ಚಂದ್ರನೋ ಕಾಣುವಾಗ ನೇರ ನಡೆದವರು, ಮೋಡ ಮುಚ್ಚಿದಾಗ ತಮಗೇ ತಿಳಿಯದಂತೆ ಸುತ್ತು ಹಾಕಿದರು. ಕಾಡಿನಲ್ಲಿ ದಾರಿ ತಪ್ಪಿಸುವ ಬಳ್ಳಿ ಇದೆ, ಅದನ್ನು ದಾಟಿದವನು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾನೆ ಎಂದು ಮಲೆನಾಡಿನವರು ಹೇಳುವುದೂ ಇದನ್ನೇ. ಹಾಗಾದರೆ ಬಳೆ ಮನುಷ್ಯನಿಗೆ ಮಾಡುವುದು ಇಷ್ಟೇ: ಅವನ ಸೂರ್ಯನನ್ನು ತೆಗೆದುಬಿಡುತ್ತದೆ. ಅವನು ಕುಣಿಯುವುದಿಲ್ಲ, ಮನೆಗೆ ಹೋಗುತ್ತಿದ್ದೇನೆ ಎಂದುಕೊಂಡು ನಡೆಯುತ್ತಲೇ ಇರುತ್ತಾನೆ. ಹೊರಗಿನಿಂದ ನೋಡಿದವರಿಗೆ ಅದು ಕುಣಿತದಂತೆ ಕಾಣುತ್ತದೆ. ಸೂರ್ಯನಿಲ್ಲದ ಕಡೆ ದಿನ ಎಣಿಸುವುದಾದರೂ ಹೇಗೆ? ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರೈವತ ಕಕುದ್ಮಿ, ಗಂಧರ್ವರ ಹಾಡು ಮುಗಿಯಲೆಂದು ಕಾದು ನಿಂತಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದವು. ರೇವತಿಯ ಕೈ ಹಿಡಿದುಕೊಂಡು ಹಿಂದಿರುಗಿದ ಆ ತಂದೆಗೆ ತನ್ನ ಊರು, ತನ್ನವರು ಯಾರೂ ಉಳಿದಿರಲಿಲ್ಲ. ಮಂಜಿನಲ್ಲಿ ನಿಂತು ಪುಟ್ಟಿಯ ಕೈ ಹಿಡಿದಿದ್ದಾಗ ಆ ಕಥೆ ನನಗೆ ಮೊದಲ ಸಲ ಹೆದರಿಕೆ ಹುಟ್ಟಿಸಿತು.

ಅಲ್ಲೇ ಕುಳಿತೆವು, ಮಂಜು ಸರಿಯುವವರೆಗೆ. ಜೀಪಿನ ಹಾರ್ನ್ ಕೇಳಿದ ಮೇಲೆ ಎದ್ದೆವು. ಪುಟ್ಟಿಗೆ ಕಾಲು ಸೋತಿತ್ತು. ಉಪ್ಪುಮೂಟೆ ಮಾಡಿಕೊಂಡು ಇಳಿಯತೊಡಗಿದೆ. ಒಂದಷ್ಟು ದೂರ ಹೋಗುವಷ್ಟರಲ್ಲಿ ಬೆನ್ನ ಮೇಲಿನಿಂದ ದನಿ ಬಂತು.

"ಚಿಕ್ಕಮ್ಮ, ಹಿಂದೆ ನೋಡಿ. ನನ್ನ ಹೆಜ್ಜೆಯೇ ಇಲ್ಲ."

ತಿರುಗಿ ನೋಡಿದೆ. ಒದ್ದೆ ಮಣ್ಣಿನಲ್ಲಿ ಒಬ್ಬರದೇ ಗುರುತು. ಹೊತ್ತುಕೊಂಡವರನ್ನು ಬಳೆ ಓದಲಾರದು! ಒಳಗೆ ಸಿಕ್ಕಿಬಿದ್ದ ಮನುಷ್ಯನನ್ನು ಹೊರತರುವುದಕ್ಕೆ ಇರುವುದು ಇದೊಂದೇ ದಾರಿ, ಯಾರಾದರೂ ಹೊತ್ತು ತರಬೇಕು. ಆದರೆ ಹೊರಲು ಒಳಗೆ ಹೋದ ಮನುಷ್ಯ ತಾನೂ ಸಿಕ್ಕಿಬೀಳುತ್ತಾನೆ. ಹಸುವಿನ ಬೆನ್ನೇರುವುದಕ್ಕಾಗದು, ನಾಗ ಬಂದರೆ ಬಳೆಯೇ ಸಾಯುತ್ತದೆ, ಗೆದ್ದಲಿಗೆ ಹೊರಲಾಗದು.

"ಬೇತಾಳ" ಎಂದೆವು ಇಬ್ಬರೂ.

ಒಳಗೆ ಬರುವಾಗ ಅದರ ಹೆಜ್ಜೆ ಹೊರಗೆ ಹೋದಂತೆ, ಹೊರಗೆ ಹೋಗುವಾಗ ಒಳಗೆ ಬಂದಂತೆ. ಬರುವವರನ್ನು ಬಳೆ ಎಂದೂ ತಡೆಯುವುದಿಲ್ಲ. ದೊಡ್ಡಗದ್ದವಳ್ಳಿಯ ಕತ್ತಲಲ್ಲಿ ನಿಂತ ಆ ಎಲುಬುಗೂಡಿನಂಥ ಕಾವಲುಗಾರ ಒಬ್ಬನೇ ಮನುಷ್ಯನನ್ನು ಹೆಗಲಿಗೇರಿಸಿಕೊಂಡು ಹೊರಬರಬಲ್ಲ. ಅಷ್ಟು ಕಾಲ ವಿಕ್ರಮ ಬೇತಾಳನನ್ನು ಹೊತ್ತ. ನನ್ನ ಕಥೆಯಲ್ಲಿ ಬೇತಾಳ ಅವನ ಋಣ ತೀರಿಸುತ್ತದೆ.

ಸಂಜೆಯ ಬಸ್ ಚಿಕ್ಕಮಗಳೂರು ಬಿಟ್ಟು ಬೇಲೂರಿನ ಕಡೆಗೆ ಹೊರಟಿತು. ಪುಟ್ಟಿ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು. ಲಾಳದ ತುಂಡು ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ಹೊತ್ತುಕೊಂಡು ಬಂದದ್ದಕ್ಕೆ ಬೇತಾಳ ಏನು ಕೇಳುತ್ತದೆ?"

"ಕಥೆ" ಎಂದೆ. "ಅದು ಯಾವಾಗಲೂ ತಾನೇ ಹೇಳುತ್ತಿತ್ತು. ಅದಕ್ಕೆ ಯಾರೂ ಹೇಳಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ ನನ್ನ ಕಡೆಗೆ ತಿರುಗಿ ಕಾಲು ಮಡಿಸಿ ಕುಳಿತು, ಒಂದೂರಿನಲ್ಲಿ ಹಾಲು ಹೆಪ್ಪಾಗದ ಹಸುವೊಂದು ಇತ್ತು ಎಂದು ಶುರುಮಾಡಿದಳು.